ಕೈಂಡ್ ಆಫ್ ಬ್ಲೂ: ವಾದಕರು ಯಾವ ಪ್ರತಿ ಕೊಳ್ಳಬೇಕು, ಅದನ್ನು ಹೇಗೆ ಕೇಳಬೇಕು

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ ಹೊರಬಂದದ್ದು 1959ರ ಆಗಸ್ಟ್ 17ರಂದು. ಅದರ ಮೊದಲ ಸೈಡ್ 1992ರವರೆಗೆ, ಅಂದರೆ 33 ವರ್ಷ, ಶ್ರುತಿ ಏರಿದ ಸ್ಥಿತಿಯಲ್ಲೇ ಮಾರಾಟವಾಯಿತು. ತಪ್ಪು ನುಡಿಸಿದವರದಲ್ಲ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ ಎರಡು ಟೇಪ್ ಯಂತ್ರಗಳು ಒಟ್ಟಿಗೇ ಓಡುತ್ತಿದ್ದವು. ಮುಖ್ಯ ಯಂತ್ರದ ಓಟ ಕೊಂಚ ನಿಧಾನವಾಗಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ತಿರುಗಿಸಿದರೆ ಲಯವೂ ಚುರುಕಾಗುತ್ತದೆ, ಸ್ವರಗಳೂ ಮೇಲೇರುತ್ತವೆ. ಅವತ್ತು ನುಡಿಸಿದ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಮೂರಕ್ಕೂ ಇದೇ ಗತಿಯಾಯಿತು. ಅವತ್ತು ಮುನ್ನೆಚ್ಚರಿಕೆಗೆಂದು ಓಡಿಸಿದ್ದ ಎರಡನೇ ಯಂತ್ರದ ಟೇಪಿನಿಂದ 1992ರಲ್ಲಿ ಹೊಸ ಮಾಸ್ಟರ್ (ಪ್ರತಿಗಳನ್ನು ತೆಗೆಯುವ ಮೂಲ) ಮಾಡಿ ದೋಷ ಸರಿಪಡಿಸಿದರು.

ಬರೀ ಕೇಳುವವರಿಗೆ ಇದು ದೊಡ್ಡ ವಿಷಯವಲ್ಲ. ಜೊತೆಗೆ ಕೂತು ನುಡಿಸುವವರಿಗೆ ಇದೇ ಮೊದಲ ವಿಷಯ. ವೇಗ ಶೇಕಡಾ ಒಂದರಷ್ಟು ಹೆಚ್ಚಿದರೆ ಶ್ರುತಿ ಸುಮಾರು 17 ಸೆಂಟ್ ಏರುತ್ತದೆ (ಅರ್ಧಸ್ವರಕ್ಕೆ 100 ಸೆಂಟ್). ಪಿಟೀಲು, ಗಿಟಾರಿನವರು ತಂತಿ ಬಿಗಿದು ಹೊಂದಿಸಿಕೊಂಡಾರು. ಪಿಯಾನೋ, ಹಾರ್ಮೋನಿಯಂನವರಿಗೆ ಆ ದಾರಿ ಇಲ್ಲ. ಈ ಆಲ್ಬಮ್ಮನ್ನು ವಾದ್ಯ ಹಿಡಿದೇ ಕಲಿತವರು ಅಷ್ಟು ಜನ ಇರುವುದರಿಂದ, ಪ್ರತಿ ಆರಿಸುವಾಗ ಹೊದಿಕೆಯ ಚಂದಕ್ಕಿಂತ ಶ್ರುತಿಯನ್ನು ನೋಡಬೇಕು.

ಪರೀಕ್ಷೆ ಸುಲಭ. ಗಿಟಾರನ್ನು ಟ್ಯೂನರಿನಲ್ಲಿ ಎ ಸ್ವರ 440 ಹರ್ಟ್ಸ್‌ಗೆ ಸರಿಯಾಗುವಂತೆ ಶ್ರುತಿ ಮಾಡಿ. ‘ಸೋ ವಾಟ್’ನಲ್ಲಿ ಬಾಸ್ ಪ್ರಶ್ನೆ ಕೇಳಿದಂತೆ ಒಂದು ಸಾಲು ನುಡಿಸುತ್ತದೆ, ಪಿಯಾನೋ ಎರಡೇ ಕಾರ್ಡುಗಳಲ್ಲಿ (ಕಾರ್ಡು ಎಂದರೆ ಒಟ್ಟಿಗೇ ನುಡಿಸುವ ಸ್ವರಗಳ ಗುಂಪು) ಉತ್ತರ ಕೊಡುತ್ತದೆ, ಒಂದು ಉದ್ದ, ಒಂದು ಗಿಡ್ಡ. ಮೊದಲನೆಯದರ ಸ್ವರಗಳು ಕೆಳಗಿನಿಂದ ಇ, ಎ, ಡಿ, ಜಿ, ಬಿ. ಗಿಟಾರಿನ ಅತಿ ದಪ್ಪ ತಂತಿಯಿಂದ ಎಣಿಸಿದರೆ ಮೊದಲ ಐದು ತಂತಿಗಳ ಸ್ವರಗಳೂ ಇವೇ. 12ನೇ ಫ್ರೆಟ್ಟಿನಲ್ಲಿ ಐದನ್ನೂ ಒಂದೇ ಬೆರಳಲ್ಲಿ ಅದುಮಿ ಮೀಟಿದರೆ ಮೊದಲ ಕಾರ್ಡು, ಹಾಗೇ 10ಕ್ಕೆ ಜಾರಿಸಿದರೆ ಎರಡನೆಯದು. ಇದನ್ನು ರೆಕಾರ್ಡಿನ ಜೊತೆ ಮೀಟಿ ನೋಡಿ. ಸರಿಯಿದ್ದರೆ ಎರಡೂ ಒಂದರೊಳಗೊಂದು ಕರಗುತ್ತವೆ, ಏರಿದ್ದರೆ ಉಜ್ಜಿದಂತೆ ಅಲುಗುತ್ತವೆ.

ಅಲುಗಿದ ಕೂಡಲೇ ಪ್ರತಿಯನ್ನು ದೂರಬೇಡಿ, ಎಲ್‌ಪಿಯಾದರೆ ಎರಡನೇ ಸೈಡನ್ನೂ ಹಾಕಿ. ‘ಆಲ್ ಬ್ಲೂಸ್’ ಮತ್ತು ‘ಫ್ಲಮೆಂಕೋ ಸ್ಕೆಚಸ್’ ಏಪ್ರಿಲ್ 22ರಂದು ಧ್ವನಿಮುದ್ರಣವಾದವು, ಅವಕ್ಕೆ ಈ ದೋಷವಿಲ್ಲ. ‘ಆಲ್ ಬ್ಲೂಸ್’ನ ಬಾಸು ನಿಮ್ಮ ಜಿ ಸ್ವರಕ್ಕೆ ಕೂತು, ಮೊದಲ ಸೈಡ್ ಮಾತ್ರ ಏರಿದ್ದರೆ ಅದು ಹಳೆಯ ಟೇಪಿನಿಂದ ಬಂದ ಪ್ರತಿ. ಎರಡು ಸೈಡೂ ಒಂದೇ ಅಳತೆಯಲ್ಲಿ ಏರಿದ್ದರೆ ನಿಮ್ಮ ಟರ್ನ್‌ಟೇಬಲ್ಲೇ ವೇಗವಾಗಿ ತಿರುಗುತ್ತಿದೆ. ಬೆಲ್ಟು, ಪುಲ್ಲಿ, ವೇಗದ ತಿರುಪು ನೋಡಿ, ಸ್ಟ್ರೋಬ್ ಡಿಸ್ಕ್ (ವೇಗ ಅಳೆಯುವ ಗೆರೆತಟ್ಟೆ) ಇಟ್ಟು ನಿಮಿಷಕ್ಕೆ 33⅓ ಸುತ್ತಿಗೆ ತನ್ನಿ. ವೇಗ ಹೊಂದಿಸುವ ಗುಂಡಿ ಇರುವ ಟರ್ನ್‌ಟೇಬಲ್ಲಾದರೆ ಹಳೆಯ ಪ್ರತಿಯನ್ನೂ ಬಿಸಾಡಬೇಕಿಲ್ಲ: ಮೊದಲ ಸೈಡಿಗೆ ಕಾರ್ಡು ಕರಗುವವರೆಗೆ ಇಳಿಸಿ, ಎರಡನೆಯದಕ್ಕೆ ಮರೆಯದೆ ಮತ್ತೆ ಸೊನ್ನೆಗೆ ತನ್ನಿ.

ಈಗ ಒಳಗಿನ ಸರಕಿಗೆ ಬರೋಣ. ಟ್ರಂಪೆಟ್ಟಿಗೆ ಡೇವಿಸ್, ಟೆನರ್ ಸ್ಯಾಕ್ಸಿಗೆ ಜಾನ್ ಕೋಲ್ಟ್ರೇನ್, ಆಲ್ಟೋಗೆ ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋಗೆ ಬಿಲ್ ಇವಾನ್ಸ್ (‘ಫ್ರೆಡ್ಡಿ’ಗೆ ಮಾತ್ರ ವಿಂಟನ್ ಕೆಲ್ಲಿ), ಬಾಸಿಗೆ ಪಾಲ್ ಚೇಂಬರ್ಸ್, ಡ್ರಮ್ಸಿಗೆ ಜಿಮ್ಮಿ ಕಾಬ್. ಐದು ರಚನೆ, ಮುಕ್ಕಾಲು ಗಂಟೆ. ಕಾರ್ಡುಗಳು ಸರಸರನೆ ಬದಲಾಗುವ ಆ ಕಾಲದ ಜಾಝ್ ಬಿಟ್ಟು, ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಲ್ಲುವ ಸಂಗೀತ ಇದು. ನಮ್ಮ ರಾಗಸಂಗೀತದ ಕಿವಿಗೆ ಈ ಬಾಗಿಲು ಬೇಗ ತೆರೆಯುತ್ತದೆ. ‘ಸೋ ವಾಟ್’ನ ಡೋರಿಯನ್ ಶ್ರೇಣಿಯ ಸ್ವರಗಳು ಖರಹರಪ್ರಿಯದವು, ಹಿಂದೂಸ್ತಾನಿಯವರಿಗೆ ಕಾಫಿ ಥಾಟಿನವು. ಆದರೆ ಇಲ್ಲಿ ಗಮಕವಿಲ್ಲ, ಜೊತೆಗೆ ನಡುವೆ ಷಡ್ಜವೇ ಜಾಗ ಬದಲಿಸುತ್ತದೆ: ಬಿಳಿ ಎರಡರಿಂದ ಕಪ್ಪು ಎರಡಕ್ಕೆ ಹೋಗಿ ಮತ್ತೆ ವಾಪಸ್.

ಕಲಿಯುವವರು ಎಡವುವುದು ಸರಿಯಾಗಿ ಇಲ್ಲೇ. ಒಂದು ಆವರ್ತಕ್ಕೆ 32 ಬಾರ್ (ಇಲ್ಲಿ ಬಾರ್ ಎಂದರೆ ನಾಲ್ಕು ಏಟಿನ ಒಂದು ಗುಂಪು): 16 ಬಾರ್ ಡಿ, 8 ಬಾರ್ ಇ ಫ್ಲ್ಯಾಟ್, ಮತ್ತೆ 8 ಬಾರ್ ಡಿ. ಕಾಗದದ ಮೇಲೆ ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಆದರೆ ಕೊನೆಯ 8ಕ್ಕೆ ಮುಂದಿನ ಆವರ್ತದ ಮೊದಲ 16 ಅಂಟಿಕೊಳ್ಳುವುದರಿಂದ ಡಿಯಲ್ಲಿ ಒಟ್ಟು 24 ಬಾರ್ ಒಂದೇ ಸಮ ಹರಿಯುತ್ತದೆ. ಗುರುತಿಗೆ ಕಾರ್ಡು ಬದಲಾಗುವುದಿಲ್ಲ, ಹಾಗಾಗಿ ಲೆಕ್ಕ ತಪ್ಪಿದವರು ಇ ಫ್ಲ್ಯಾಟಿಗೆ ಎಂಟು ಬಾರ್ ಮೊದಲೋ ತಡವಾಗಿಯೋ ಹಾರುತ್ತಾರೆ. ಮದ್ದು ಇಷ್ಟೇ: ವಾದ್ಯ ಕೆಳಗಿಡಿ. ನಿಮಿಷಕ್ಕೆ ಸುಮಾರು 136 ಏಟಿನ ನಡೆಗೆ ಕೈಯಲ್ಲಿ ತಾಳ ಹಾಕಿ, ಪ್ರತಿ ಎಂಟು ಬಾರಿಗೆ ಒಂದು ಬೆರಳು ಮಡಿಸಿ. ಮೂರನೇ ಬೆರಳಿಗೆ ಇ ಫ್ಲ್ಯಾಟ್ ಬರಬೇಕು. ಡೇವಿಸ್ ಎರಡು ಆವರ್ತ, ಕೋಲ್ಟ್ರೇನ್ ಎರಡು, ಆಡರ್ಲಿ ಎರಡು, ಇವಾನ್ಸ್ ಒಂದು ನುಡಿಸುತ್ತಾರೆ. ಏಳೂ ಆವರ್ತ ಬೆರಳು ತಪ್ಪದೆ ದಾಟುವವರೆಗೆ ವಾದ್ಯ ಮುಟ್ಟಬೇಡಿ. ಆಮೇಲೆ ಡೇವಿಸ್ ನುಡಿಸಿದ್ದನ್ನು ಬಾಯಲ್ಲಿ ಹಾಡಿ, ಕೊನೆಗೆ ವಾದ್ಯಕ್ಕೆ ತನ್ನಿ. ಶ್ರುತಿ ಕೆಡಿಸದೆ ನಿಧಾನ ಮಾಡುವ ಆ್ಯಪಿನಲ್ಲಿ 75 ಶೇಕಡಾ ವೇಗ ಸಾಕು. ಅದಕ್ಕಿಂತ ಇಳಿಸಿದರೆ ಸ್ವರಗಳು ಸಿಗುತ್ತವೆ, ನಡೆ ಸತ್ತುಹೋಗುತ್ತದೆ.

ಡೇವಿಸ್ ಅವರ ಆ ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಹೊರಡುವ ಕ್ಷಣವನ್ನು ಗಮನವಿಟ್ಟು ಕೇಳಿ. ಸುಮಾರು ಒಂದೂವರೆ ನಿಮಿಷಕ್ಕೆ ಕಾಬ್ ಸಿಂಬಲ್ಲಿಗೆ ಒಂದು ಏಟು ಕೊಡುತ್ತಾರೆ. ಅದು ಕೋಣೆ ತುಂಬ ಹರಡಿ ನಿಧಾನವಾಗಿ ಆರುತ್ತದೆ, ಅದರ ಅಡಿಯಲ್ಲೇ ಟ್ರಂಪೆಟ್ ನಡೆಯತೊಡಗುತ್ತದೆ. ಪ್ರತಿ ಚೆನ್ನಾಗಿದೆಯೇ ಎಂದು ತಿಳಿಯಲು ಈ ಒಂದು ಏಟು ಸಾಕು. ಒಳ್ಳೆಯ ಮುದ್ರಣದಲ್ಲಿ ಲೋಹದ ನಾದ ಕೊನೆಯವರೆಗೂ ಲೋಹವಾಗಿಯೇ ಇರುತ್ತದೆ. ಕಡಿಮೆ ಬಿಟ್‌ರೇಟಿನ ಫೈಲಿನಲ್ಲಿ ಅದೇ ನಾದ ನೀರು ಚೆಲ್ಲಿದ ಸದ್ದಾಗಿ ಕರಗುತ್ತದೆ.

ಇನ್ನೊಬ್ಬರ ಕೆಲಸದೊಳಗೆ ಈ ಆಲ್ಬಮ್ ಹೊಕ್ಕ ದಾರಿಯನ್ನು ಬಾರ್ ಲೆಕ್ಕದಲ್ಲೇ ತೋರಿಸಬಹುದು. ಪಿಂಕ್ ಫ್ಲಾಯ್ಡ್‌ನ ಕೀಬೋರ್ಡ್ ವಾದಕ ರಿಚರ್ಡ್ ರೈಟ್, 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಲ್ಲಿರುವ ‘ಬ್ರೀದ್’ ಹಾಡಿನ ಒಂದು ಕಾರ್ಡು ಇಲ್ಲಿಂದಲೇ ಬಂದದ್ದೆಂದು ಹೇಳಿದ್ದಾರೆ. ಅದು ಡಿ ಸೆವೆನ್ ಶಾರ್ಪ್ ನೈನ್. ‘ಆಲ್ ಬ್ಲೂಸ್’ ಜಿಯಲ್ಲಿ, 6/8 ನಡೆಯಲ್ಲಿರುವ ಹನ್ನೆರಡು ಬಾರಿನ ಬ್ಲೂಸ್. ಎಂಟು ಬಾರ್ ಹಾಯಾಗಿ ತೂಗಿ, ಒಂಬತ್ತನೆಯದಕ್ಕೆ ಈ ಕಾರ್ಡಿಗೆ ಬಂದು ನಿಲ್ಲುತ್ತದೆ. ಹತ್ತನೆಯದರಲ್ಲಿ ಅರ್ಧಸ್ವರ ಮೇಲೆ ಸರಿದು ಮತ್ತೆ ಇಳಿಯುತ್ತದೆ. ಡಿಯನ್ನು ಷಡ್ಜವೆಂದು ಹಿಡಿದರೆ ಈ ಕಾರ್ಡಿನಲ್ಲಿ ಅಂತರ ಗಾಂಧಾರವೂ ಸಾಧಾರಣ ಗಾಂಧಾರವೂ ಏಕಕಾಲಕ್ಕೆ ನುಡಿಯುತ್ತವೆ. ಆ ತಿಕ್ಕಾಟವೇ ಅದರ ರುಚಿ. ಪಿಯಾನೋದಲ್ಲಿ ಎಡಗೈಗೆ ಡಿ, ಎಫ್ ಶಾರ್ಪ್, ಸಿ. ಬಲಗೈಗೆ ಮೇಲಿನ ಎಫ್. ಎರಡು ಗಾಂಧಾರಗಳನ್ನು ಒಂದೇ ಸ್ಥಾಯಿಯಲ್ಲಿ ಒತ್ತಾಗಿ ಇಟ್ಟರೆ ಬರೀ ಅಪಸ್ವರವಾಗಿ ಕೇಳುತ್ತದೆ, ಎಫ್ ಮೇಲೆಯೇ ಇರಬೇಕು.

ಜೇಮ್ಸ್ ಬ್ರೌನ್ ಅವರ ತಂಡದ ಸ್ಯಾಕ್ಸ್ ವಾದಕ ಪೀ ವೀ ಎಲ್ಲಿಸ್ 1967ರ ‘ಕೋಲ್ಡ್ ಸ್ವೆಟ್’ಗೆ ಹಾರ್ನ್ ಸಾಲು ಕಟ್ಟುವಾಗ ‘ಸೋ ವಾಟ್’ನ ಪ್ರಭಾವ ಇದ್ದುದನ್ನು ಹೇಳಿದ್ದರು. ಎರಡನ್ನೂ ಹಿಂದೆಮುಂದೆ ಕೇಳಿದರೆ ಆ ಎರಡೇ ಕಾರ್ಡಿನ ಉತ್ತರ ಫಂಕ್ ಆಗಿ ಮೈ ಬದಲಿಸಿದ್ದು ತಿಳಿಯುತ್ತದೆ. ಗಿಟಾರ್ ವಾದಕ ಡ್ವೇನ್ ಆಲ್ಮನ್ ತಮ್ಮ ದೀರ್ಘ ಸೋಲೋಗಳ ಮೂಲ ಡೇವಿಸ್ ಮತ್ತು ಕೋಲ್ಟ್ರೇನ್, ಅದರಲ್ಲೂ ಈ ಆಲ್ಬಮ್ ಎಂದಿದ್ದರು. ಒಬ್ಬರು ಕಾರ್ಡು ತೆಗೆದುಕೊಂಡರು, ಒಬ್ಬರು ಪ್ರಶ್ನೆ–ಉತ್ತರದ ಕಟ್ಟು, ಇನ್ನೊಬ್ಬರು ಒಂದೇ ನೆಲೆಯಲ್ಲಿ ನಿಂತು ಬೆಳೆಸುವ ತಾಳ್ಮೆ. ಆಲ್ಬಮ್ ಒಬ್ಬ ವಾದಕರನ್ನು ರೂಪಿಸುವುದೆಂದರೆ ಹೀಗೆ ಕೈಗೆ ಸಿಗುವಂಥ ಒಂದು ವಸ್ತು ದಾಟಿ ಬರುವುದು. ಅಂಥ ವಸ್ತುಗಳು ಇಷ್ಟು ಬಿಡಿಬಿಡಿಯಾಗಿ, ಇಷ್ಟು ಸ್ಪಷ್ಟವಾಗಿ ಕೇಳಿಸುವುದೇ ಈ ಆಲ್ಬಮ್ಮಿನ ದೊಡ್ಡ ಗುಣ.

‘ಫ್ರೆಡ್ಡಿ ಫ್ರೀಲೋಡರ್’ ಬಿ ಫ್ಲ್ಯಾಟಿನ ನೇರ ಬ್ಲೂಸ್, ಹೊಸಬರು ಇಲ್ಲಿಂದಲೇ ಶುರುಮಾಡಬಹುದು. ಕೊನೆಯ ಎರಡು ಬಾರ್ ಮನೆಗೆ ಮರಳದೆ ಎ ಫ್ಲ್ಯಾಟ್ ಸೆವೆನ್‌ನಲ್ಲಿ ನಿಲ್ಲುತ್ತವೆ. ಅಭ್ಯಾಸಬಲದಿಂದ ಬಿ ಫ್ಲ್ಯಾಟ್ ಹಿಡಿದರೆ ಅಲ್ಲಿ ತಪ್ಪು.

‘ಬ್ಲೂ ಇನ್ ಗ್ರೀನ್’ ಹತ್ತು ಬಾರಿನ ಆವರ್ತ. ಎಂಟೋ ಹನ್ನೆರಡೋ ಎಣಿಸಿ ರೂಢಿಯಾದ ಕಿವಿಗೆ ಆರಂಭ ಎಲ್ಲಿ, ಅಂತ್ಯ ಎಲ್ಲಿ ಎಂದು ಹಿಡಿಯುವುದೇ ಕಷ್ಟ. ಎಲ್‌ಪಿ ಕೊಳ್ಳುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮೊದಲ ಸೈಡ್ ಸುಮಾರು 25 ನಿಮಿಷದ್ದು, ಹಾಗಾಗಿ ಈ ಮೆತ್ತನೆಯ ರಚನೆ ತಟ್ಟೆಯ ಒಳಗೀರುಗಳಿಗೆ ಬೀಳುತ್ತದೆ. ತಟ್ಟೆಯ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾಯುತ್ತದೆ, ಒಳಗೆ 6 ಸೆಂಟಿಮೀಟರ್ ತ್ರಿಜ್ಯದಲ್ಲಿ 21 ಮಾತ್ರ. ಅದೇ ನಾದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುವುದರಿಂದ, ಹಾರ್ಮನ್ ಮ್ಯೂಟ್ (ನಾದ ತಗ್ಗಿಸಲು ಬಾಯಿಗೆ ಸಿಕ್ಕಿಸುವ ಲೋಹದ ಬಿರಡೆ) ಹಾಕಿದ ಟ್ರಂಪೆಟ್ಟಿನ ತೆಳುವಾದ ಝೇಂಕಾರ ಒರಟಾಗಿ ಕೇಳಬಹುದು. ತಟ್ಟೆ ಕೆಟ್ಟಿದೆ ಎನ್ನುವ ಮೊದಲು ಕಾರ್ಟ್ರಿಜ್ಜಿನ ಕೋನವನ್ನು ಪ್ರೊಟ್ರಾಕ್ಟರಿನಲ್ಲಿ ಸರಿಮಾಡಿ, ಸೂಜಿಯ ಭಾರ ತಯಾರಕರು ಹೇಳಿದಷ್ಟಿದೆಯೇ ತೂಗಿ ನೋಡಿ. ದುಂಡು ಸೂಜಿಗಿಂತ ದೀರ್ಘವೃತ್ತದ ಸೂಜಿ ಇಲ್ಲಿ ಕಣ್ಣಿಗೆ ಕಟ್ಟುವಷ್ಟು ಮೇಲು.

‘ಫ್ಲಮೆಂಕೋ ಸ್ಕೆಚಸ್’ಗೆ ಬರೆದಿಟ್ಟ ರಾಗವರಸೆಯೇ ಇಲ್ಲ. ಐದು ಶ್ರೇಣಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಪ್ರತಿಯೊಬ್ಬ ವಾದಕ ಒಂದೊಂದರಲ್ಲೂ ಬೇಕೆನಿಸುವಷ್ಟು ಹೊತ್ತು ಇದ್ದು ಮುಂದಕ್ಕೆ ಹೋಗಬಹುದು. ಮೊದಲು ಸಿ ಷಡ್ಜದ ಶಂಕರಾಭರಣದ ಸ್ವರಗಳು, ಆಮೇಲೆ ಎ ಫ್ಲ್ಯಾಟಿನ ಹರಿಕಾಂಭೋಜಿ, ಬಿ ಫ್ಲ್ಯಾಟಿನಲ್ಲಿ ಮತ್ತೆ ಶಂಕರಾಭರಣ, ನಂತರ ಡಿಯಲ್ಲಿ ಸ್ಪ್ಯಾನಿಷ್ ಛಾಯೆಯ ಶ್ರೇಣಿ, ಕೊನೆಗೆ ಜಿಯಲ್ಲಿ ಖರಹರಪ್ರಿಯ. ನಾಲ್ಕನೆಯದರಲ್ಲಿ ಗಾಂಧಾರ ಒಮ್ಮೆ ಸಾಧಾರಣ, ಒಮ್ಮೆ ಅಂತರ. ಹನುಮತೋಡಿಗೂ ವಕುಳಾಭರಣಕ್ಕೂ ನಡುವೆ ತೂಗಿದಂತಿರುತ್ತದೆ, ವಾದಕರು ಅಲ್ಲೇ ಹೆಚ್ಚು ಹೊತ್ತು ತಂಗುತ್ತಾರೆ. ಶುರುವಿನಲ್ಲಿ ಪಿಯಾನೋ ತೂಗುವ ಎರಡು ಕಾರ್ಡುಗಳು ಇವಾನ್ಸ್ ಅವರು 1958ರಲ್ಲಿ ಮುದ್ರಿಸಿದ ‘ಪೀಸ್ ಪೀಸ್’ನಿಂದ ಬಂದವು. ಈ ರಚನೆಯನ್ನು ಇಬ್ಬರು ಕೂತು ಅಭ್ಯಾಸ ಮಾಡಬೇಕು: ಒಬ್ಬರು ಕಾರ್ಡು ಹಿಡಿಯಲಿ, ಇನ್ನೊಬ್ಬರು ನುಡಿಸಲಿ, ಶ್ರೇಣಿ ಬದಲಿಸುವ ಸೂಚನೆ ನುಡಿಸುವವರದೇ ಆಗಿರಲಿ. ಕಾರ್ಡು ಹಿಡಿದವರು ಕಿವಿಗೊಡದೆ ಬಾರ್ ಎಣಿಸಿದರೆ ಎರಡನೇ ಬದಲಾವಣೆಗೇ ಕೂಡಿಕೆ ತಪ್ಪುತ್ತದೆ.

1997ರ ಸಿಡಿಯಿಂದೀಚೆಗೆ ‘ಫ್ಲಮೆಂಕೋ ಸ್ಕೆಚಸ್’ನ ಇನ್ನೊಂದು ಪೂರ್ಣ ಟೇಕ್ (ಅದನ್ನೇ ಇನ್ನೊಮ್ಮೆ ನುಡಿಸಿದ ಧ್ವನಿಮುದ್ರಣ) ಕೂಡ ಸೇರಿದೆ. ಕಲಿಯುವವರಿಗೆ ಅದು ಬರೀ ಕೊಸರಲ್ಲ. ಅದೇ ವಾದಕರು, ಅದೇ ಐದು ಶ್ರೇಣಿ, ಬೇರೆಯೇ ಮಾತು. ಡೇವಿಸ್ ಮೊದಲ ಶ್ರೇಣಿಯಿಂದ ಎರಡನೆಯದಕ್ಕೆ ಯಾವ ಸ್ವರ ಹಿಡಿದು ದಾಟುತ್ತಾರೆ ಎಂಬುದೊಂದನ್ನೇ ಎರಡೂ ಟೇಕುಗಳಲ್ಲಿ ಬರೆದುಕೊಂಡು ಹೋಲಿಸಿ.

ಸ್ಟೀರಿಯೋ ಪ್ರತಿಯಲ್ಲಿ ಕೋಲ್ಟ್ರೇನ್ ಎಡಕ್ಕೆ, ಆಡರ್ಲಿ ಬಲಕ್ಕೆ, ಡೇವಿಸ್ ನಡುವೆ. ಟೆನರ್ ಯಾವುದು, ಆಲ್ಟೋ ಯಾವುದು ಎಂದು ಗೊತ್ತಾಗದವರಿಗೆ ಇದು ದೊಡ್ಡ ಉಪಕಾರ. ‘ಸೋ ವಾಟ್’ನ ಎರಡನೇ ಸೋಲೋ ಬಲಗಿವಿಯಲ್ಲಿ ಬಂದರೆ ನಿಮ್ಮ ತಂತಿಗಳು ಅದಲುಬದಲಾಗಿವೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಕೇಳುವ ಅಭ್ಯಾಸವಿದ್ದರೆ ಒಬ್ಬ ಸ್ಯಾಕ್ಸ್ ವಾದಕರು ಬಹುಪಾಲು ಮಾಯವಾಗುತ್ತಾರೆ.

ಕೊರತೆಯೂ ಇದೆ. ವೇಗದ ನಡೆ ಒಂದೂ ಇಲ್ಲ, ಡ್ರಮ್ಸ್ ಸೋಲೋ ಇಲ್ಲ. ಕಾರ್ಡುಗಳ ಓಟದಲ್ಲಿ ದಾರಿ ಹುಡುಕುವುದನ್ನು ಕಲಿಯಬೇಕಾದವರಿಗೆ ಇದು ಸಾಲದು. ಎರಡನೇ ದಿನದ ಮುದ್ರಣ ಮುಗಿದು ಎರಡು ವಾರದೊಳಗೆ, ಮೇ ತಿಂಗಳಲ್ಲಿ ಕೋಲ್ಟ್ರೇನ್ ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಆ ಪಾಠಕ್ಕೆ ಬೇಕು. ‘ಕೈಂಡ್ ಆಫ್ ಬ್ಲೂ’ ಇಷ್ಟು ಶಾಂತವಾಗಿ ಕೇಳಿಸುವುದರಿಂದ ನುಡಿಸುವುದೂ ಸುಲಭವೆಂಬ ಭ್ರಮೆ ಹುಟ್ಟುತ್ತದೆ. ಮೌನ ಬಿಡುವ ಜಾಗದಲ್ಲಿ ಹೊಸಬರು ಸ್ವರ ತುಂಬುತ್ತಾರೆ, ಹೆಚ್ಚಿನವರ ನುಡಿಸಾಣಿಕೆ ಕೆಡುವುದು ಅಲ್ಲೇ.

ಕೊಳ್ಳುವುದಾದರೆ 1997 ಅಥವಾ ನಂತರದ, ಮೂಲ ಕಂಪನಿಯದೇ ಸಿಡಿ ಮೊದಲ ಆಯ್ಕೆ: ಶ್ರುತಿ ಸರಿಯಿದೆ, ಎರಡನೇ ಟೇಕ್ ಇದೆ, ಒಳಗೀರಿನ ತಕರಾರಿಲ್ಲ. ಎಲ್‌ಪಿಯೇ ಬೇಕೆನ್ನುವವರು ವೇಗ ಸರಿಪಡಿಸಿದ್ದೆಂದು ಹೊದಿಕೆಯ ಮೇಲೆ ನಮೂದಿಸಿದ ಮುದ್ರಣ ಹುಡುಕಿ. ಯುರೋಪಿನಲ್ಲಿ 1959ರ ಧ್ವನಿಮುದ್ರಣಗಳ ಹಕ್ಕಿನ ಅವಧಿ 2009ರ ಕೊನೆಗೆ ತೀರಿದ್ದರಿಂದ ಮೂಲ ಟೇಪಿನ ಸುಳಿವೇ ಇಲ್ಲದ ಅಗ್ಗದ ಎಲ್‌ಪಿಗಳು ಸಾಕಷ್ಟು ಬಂದಿವೆ. ಯಾವ ಟೇಪಿನಿಂದ ಮಾಡಿದ್ದು ಎಂದು ಎಲ್ಲೂ ಬರೆದಿಲ್ಲದಿದ್ದರೆ ಕೊಳ್ಳಬೇಡಿ. ಹಳೆಯ ಮೊದಲ ಮುದ್ರಣ ಕೈಗೆ ಸಿಕ್ಕಿ, ಎರಡನೇ ಸೈಡಿನ ಎರಡು ರಚನೆಗಳ ಹೆಸರು ಹಿಂದುಮುಂದಾಗಿದ್ದರೆ ಗಾಬರಿಯಾಗಬೇಡಿ. ಮೊದಲಿಗೆ ಅಚ್ಚಾದದ್ದೇ ಹಾಗೆ. 6/8ರಲ್ಲಿ ತೂಗುವುದು ‘ಆಲ್ ಬ್ಲೂಸ್’.