ಸೈಬರ್‌ಪಂಕ್ ರೆಡ್: ಹ್ಯಾಕರ್‌ಗೂ ಓಡೋ ಕೆಲಸ

ಮೇಜಿನ ಸುತ್ತ ಕೂತು ದಾಳ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟಗಳಿವೆ. ಅದರಲ್ಲಿ ಹ್ಯಾಕರ್ ಪಾತ್ರ ಇರುವ ಆಟ ನಡೆಸಿದವರಿಗೆ ಈ ತಲೆನೋವು ಗೊತ್ತು. ಒಬ್ಬರು ನೆಟ್‌ವರ್ಕ್ ಒಳಗೆ ಇಳಿಯುತ್ತಾರೆ. ಅವರಿಗೂ ಆಟ ನಡೆಸುವ ಗೇಮ್ ಮಾಸ್ಟರ್‌ಗೂ ಮಾತು ಮುಗಿಯುವುದೇ ಇಲ್ಲ. ಮಿಕ್ಕವರು ಮೊಬೈಲ್ ನೋಡುತ್ತಾ ಚುರುಮುರಿ ಖಾಲಿ ಮಾಡುತ್ತಾರೆ. 1990ರಲ್ಲಿ ಬಂದ ಸೈಬರ್‌ಪಂಕ್ 2020 ಆಟದ ಮೇಲೆ ಇದು ತುಂಬಾ ಹಳೆಯ ದೂರು.

ಆರ್. ಟಾಲ್ಸೋರಿಯನ್ ಗೇಮ್ಸ್ 2020ರ ನವೆಂಬರ್‌ನಲ್ಲಿ ತಂದ ಹೊಸ ಆವೃತ್ತಿ ಸೈಬರ್‌ಪಂಕ್ ರೆಡ್ ಇದಕ್ಕೆ ಕೊಟ್ಟ ಮದ್ದು ನನಗೆ ಹಿಡಿಸಿತು. ಹ್ಯಾಕರ್ ಮನೆಯಲ್ಲಿ ಕೂತು ಕೆಲಸ ಮಾಡುವ ಹಾಗೇ ಇಲ್ಲ! ಕಥೆಯ ಪ್ರಕಾರ ರೇಚ್ ಬಾರ್ಟ್‌ಮಾಸ್ ಎಂಬ ಹ್ಯಾಕರ್ ಬಿಟ್ಟ ಡೇಟಾಕ್ರ್ಯಾಶ್ ವೈರಸ್ 2022ರಲ್ಲಿ ಜಗತ್ತಿನ ಹಳೆಯ ನೆಟ್ಟನ್ನೇ ಹಾಳು ಮಾಡಿದೆ. ಆಟ ನಡೆಯುವುದು 2045ರಲ್ಲಿ. ಈಗ ಒಂದೊಂದು ಕಟ್ಟಡಕ್ಕೂ ಅದರದ್ದೇ ಪುಟ್ಟ ನೆಟ್‌ವರ್ಕ್. ಆಕ್ಸೆಸ್ ಪಾಯಿಂಟ್‌ನಿಂದ 6 ಮೀಟರ್ ಒಳಗೆ ನಿಂತರೆ ಮಾತ್ರ ಪ್ರವೇಶ. ಅಂದರೆ ಗುಂಡು ಹಾರುವ ಜಾಗಕ್ಕೇ ಹ್ಯಾಕರ್ ಬರಬೇಕು.

ನಾನು ಲಿಫ್ಟ್ ರಿಪೇರಿ ಮಾಡುವವನು. ಅದಕ್ಕೇ ಇರಬೇಕು, ಇಲ್ಲಿನ ನೆಟ್‌ವರ್ಕ್ ನೋಡಿದ ಕೂಡಲೇ ಲಿಫ್ಟ್ ಶಾಫ್ಟ್ ನೋಡಿದ ಹಾಗಾಯ್ತು. ಮೇಲಿಂದ ಕೆಳಗೆ ಮಹಡಿಗಳು. ಒಂದರಲ್ಲಿ ಪಾಸ್‌ವರ್ಡ್, ಒಂದರಲ್ಲಿ ಫೈಲ್, ಇನ್ನೊಂದರಲ್ಲಿ ಕ್ಯಾಮೆರಾ ಅಥವಾ ಬಾಗಿಲು ನಡೆಸುವ ಕಂಟ್ರೋಲ್ ನೋಡ್. ಎಲ್ಲೋ ಒಂದು ಕಡೆ ಬ್ಲ್ಯಾಕ್ ಐಸ್ ಎಂಬ ಕಾವಲು ಪ್ರೋಗ್ರಾಂ ಕಾದು ಕೂತಿರುತ್ತದೆ. ಹೊಸ ನೆಟ್‌ರನ್ನರ್‌ಗೆ (ಆಟದಲ್ಲಿ ಹ್ಯಾಕರ್‌ಗೆ ಇದೇ ಹೆಸರು) ಇಂಟರ್‌ಫೇಸ್ ಎಂಬ ಹ್ಯಾಕಿಂಗ್ ಕೌಶಲ 4 ಇರುತ್ತದೆ, ಹಾಗಾಗಿ ಸರದಿಗೆ 3 ನೆಟ್ ಆಕ್ಷನ್, ಅಂದರೆ ನೆಟ್‌ವರ್ಕ್ ಒಳಗೆ ಮೂರು ಕೆಲಸ. ಹತ್ತು ಮುಖದ ದಾಳ ಉರುಳಿಸಿ, ಇಂಟರ್‌ಫೇಸ್ ಕೂಡಿಸಿ, ಗುರಿ ಸಂಖ್ಯೆ ದಾಟಿದರೆ ಆಯ್ತು. (ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿದ ಮೈಸೂರಲ್ಲಿ ಈ ದಾಳ ನನಗೆ ಎಲ್ಲೂ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ.)

ಕುವೆಂಪುನಗರದ ನಮ್ಮ ಮಹಡಿ ರೂಮಿನಲ್ಲಿ ಭಾನುವಾರ ಆಟ. ಮಂಡ್ಯದಿಂದ ಭಾವ, ಅಕ್ಕನ ಮಗಳು ಬರುತ್ತಾರೆ. ಅವಳು ನೆಟ್‌ರನ್ನರ್, ಭಾವನದು ಬಂದೂಕು ಹಿಡಿಯುವ ಸೋಲೊ. ಆಟದ ಊರಾದ ನೈಟ್ ಸಿಟಿಯ ಒಂದು ಗೋದಾಮಿನಲ್ಲಿ ಅವಳ ಮೇಲೆ ಹೆಲ್‌ಹೌಂಡ್ ಎಂಬ ನಾಯಿ ಬಿತ್ತು. ಅದು ನೇರ ಮಿದುಳಿಗೇ ಹೊಡೆಯುವ ಬ್ಲ್ಯಾಕ್ ಐಸ್. ಜೊತೆಗೆ ಬೆಂಕಿಯನ್ನೂ ಹಚ್ಚುತ್ತದೆ.

"ಮಾವಾ, ನಾನು ನಿಜವಾಗ್ಲೂ ಉರೀತಾ ಇದ್ದೀನಾ?"

"ಹ್ಞೂ ಪುಟ್ಟಿ. ಬಟ್ಟೇನೂ, ಹ್ಯಾಕಿಂಗ್ ಮಾಡೋ ನಿನ್ನ ಡೆಕ್ಕೂ."

ಮಜಾ ಇರುವುದೇ ಇಲ್ಲಿ. ಬೆಂಕಿ ಆರಿಸೋಕೆ ಮೈಯ ಆಕ್ಷನ್ ಖರ್ಚಾಗುತ್ತದೆ, ಆಗ ಆ ಸರದಿಯಲ್ಲಿ ನೆಟ್ ಆಕ್ಷನ್ ಇಲ್ಲ. ಆರಿಸದಿದ್ದರೆ ಪ್ರತಿ ಸರದಿಗೂ 2 ಪೆಟ್ಟು. ಬಾಗಿಲಲ್ಲಿ ಗುಂಡು ಹಾರಿಸುತ್ತಿದ್ದ ಭಾವ "ಮಗೂನ ಎತ್ಕೊಂಡು ಓಡ್ತೀನಿ" ಅಂದರು. ಬೇಡ ಬೇಡ ಅಂತ ಎಲ್ಲರೂ ಕೂಗಿದರು. 6 ಮೀಟರ್ ದಾಟಿದರೆ ಸಂಪರ್ಕ ಕಡಿಯುತ್ತದೆ, ಆ ನಾಯಿಯ ಏಟು ಇನ್ನೊಂದು ಸಲ ಬೀಳುತ್ತದೆ. ಕೊನೆಗೆ ಭಾವ ಬಾಗಿಲು ಬಿಡಲಿಲ್ಲ, ಇವಳು ಉರಿಯುತ್ತಲೇ ನಾಯಿಯನ್ನು ಮುಗಿಸಿದಳು. ಮೊಬೈಲ್ ಯಾರ ಕೈಯಲ್ಲೂ ಇರಲಿಲ್ಲ.

ಕೊರತೆ ಇಲ್ಲವೇ ಅಂದರೆ ಇದೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನೆಟ್‌ರನ್ನರ್ ಸಪ್ಪೆ. ಹಾಗಾಗಿ ಗೇಮ್ ಮಾಸ್ಟರ್ ಪ್ರತಿ ಕಟ್ಟಡಕ್ಕೂ ಮಹಡಿ ಪಟ್ಟಿ ಬರೆದಿಟ್ಟುಕೊಳ್ಳಬೇಕು. ದಾಳ ಹಾಕಿ ಪಟ್ಟಿ ಮಾಡುವ ಕೋಷ್ಟಕ ಪುಸ್ತಕದಲ್ಲಿದೆ, ಆದರೆ ಕಾಯಲು ಏನೂ ಇಲ್ಲದ ಕಡೆ ಸುಮ್ನೆ ಒಂದು ನಾಯಿ ನಿಲ್ಲುವುದೂ ಉಂಟು. ನಾನು ಕಟ್ಟಡದಿಂದಲೇ ಶುರು ಮಾಡುತ್ತೇನೆ: ಲಿಫ್ಟ್ ಎಲ್ಲಿ, ಸಿಸಿ ಕ್ಯಾಮೆರಾ ಎಲ್ಲಿ, ಗೇಟು ಯಾವುದರಿಂದ ತೆರೆಯುತ್ತದೆ. ಆಮೇಲೆ ಐಸ್.

ಹೊಸಬರು ಬರೀ ಜ್ಯಾಪ್ ಎಂಬ ಮಾಮೂಲಿ ಏಟು ನಂಬಿಕೊಂಡು ಇಳಿಯಬೇಡಿ. ಅದರ ಪೆಟ್ಟು ಒಂದೇ ದಾಳ. ಆಟದ ದುಡ್ಡಿನಲ್ಲಿ 50 ಯೂರೋಡಾಲರ್‌ನ ಸ್ವೋರ್ಡ್ ಎಂಬ ಪ್ರೋಗ್ರಾಂ ಬ್ಲ್ಯಾಕ್ ಐಸ್‌ಗೆ 3 ದಾಳದ ಪೆಟ್ಟು ಕೊಡುತ್ತದೆ. ಸಾಧಾರಣ ಡೆಕ್‌ನಲ್ಲಿ ಪ್ರೋಗ್ರಾಂ ಇಡಲು 7 ಜಾಗ ಇರುತ್ತದೆ, ಎರಡನ್ನು ಅದಕ್ಕೇ ಕೊಡಿ.

ಪುಸ್ತಕ 450 ಪುಟ ದಾಟುತ್ತದೆ, ಇಂಗ್ಲಿಷ್ ಸ್ವಲ್ಪ ಜಾಸ್ತಿಯೇ ಸ್ಟೈಲು. ಗುಂಪಿಗೆ ಒಂದು ಪ್ರತಿ ಸಾಕು. ನೆಟ್ ಭಾಗದ ಕೋಷ್ಟಕಗಳನ್ನು ಆ ಪಾತ್ರ ಆಡುವವರೇ ಒಂದು ಹಾಳೆಯಲ್ಲಿ ಕೈಯಾರೆ ಬರೆದುಕೊಳ್ಳಲಿ. ನಮ್ಮ ಹುಡುಗಿ ಕನ್ನಡದಲ್ಲಿ ಬರೆದುಕೊಂಡಿದ್ದಾಳೆ. ಈಗ ಏನಾದರೂ ಅನುಮಾನ ಬಂದರೆ ನಾನೇ ಅವಳನ್ನು ಕೇಳುವುದು.