ಕೋಣೆಗೆ ಹೊಸ ಗಾಳಿ ಎಷ್ಟು? ಎನಿಮೋಮೀಟರ್ ಮತ್ತು ಸಿಒ2 ಮೀಟರ್

ಕೋರಮಂಗಲದ ಆಫೀಸಾಗಲಿ, ಜಯನಗರದ ಟ್ಯೂಷನ್ ಕೋಣೆಯಾಗಲಿ, ಮಾಮೂಲಿ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ. ಒಳಗಿನದ್ದನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ಅಳೆಯಬೇಕಾದ್ದು ಫ್ಯಾನ್, ಡಕ್ಟ್ ತರುವ ಹೊರಗಿನ ಗಾಳಿಯನ್ನು.

ಎನಿಮೋಮೀಟರ್ ಗಾಳಿಯ ವೇಗ ಅಳೆಯುತ್ತದೆ. ಅದನ್ನು ಗಾಳಿ ಒಳಬರುವ ಗ್ರಿಲ್ ಎದುರು ನಾಲ್ಕಾರು ಕಡೆ ಹಿಡಿದು ಸರಾಸರಿ ವೇಗ ತೆಗೆಯಿರಿ. ಗ್ರಿಲ್ಲಿನ ತೆರೆದ ಜಾಗದಿಂದ ಗುಣಿಸಿ. ನಿಮಿಷಕ್ಕೆ 120 ಘನ ಅಡಿ ಬಂತು ಅಂದುಕೊಳ್ಳಿ. 10×12 ಅಡಿಯ, 10 ಅಡಿ ಎತ್ತರದ ಕೋಣೆಗೆ ಅದು ಗಂಟೆಗೆ 6 ಸಲ ತುಂಬುವಷ್ಟು ಗಾಳಿ. ಆದರೆ ಮೂಲೆಯ ಕುರ್ಚಿಗೆ ತಲುಪಿತಾ, ಬಾಗಿಲ ಸಂದಿಯಿಂದ ಸುಮ್ನೆ ಹೊರಟುಹೋಯಿತಾ ಎಂದು ಇದು ಹೇಳುವುದಿಲ್ಲ.

ಜನ ಕೂರುವ ಕೋಣೆಗೆ ನನ್ನ ವೋಟು ಸಿಒ2 ಮೀಟರಿಗೆ. ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡನ್ನು (ಸಿಒ2) ಅದು ಅಳೆಯುತ್ತದೆ; ಹೊಸ ಗಾಳಿ ಕಡಿಮೆಯಾದರೆ ಅಂಕಿ ಏರುತ್ತದೆ. ಮೂಲೆಯಲ್ಲೇ ಇಟ್ಟು ನೋಡಬಹುದು, ಅಲ್ವಾ? ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಇರುತ್ತದೆ. ಟ್ರಾಫಿಕ್ ರಸ್ತೆಯ ಪಕ್ಕ ಇನ್ನೂ ಜಾಸ್ತಿ, ಹಾಗಾಗಿ ಮೊದಲು ಬಾಲ್ಕನಿಯಲ್ಲಿ ಅಳೆಯಿರಿ. ಎಲ್ಲರೂ ಹೊರಟ ಮೇಲೆ ಫ್ಯಾನ್ ಹಾಕಿಯೇ ಇಟ್ಟು, ಬಾಗಿಲು ಮುಚ್ಚಿ, ಅಂಕಿ ಇಳಿಯುವುದನ್ನು ಗಮನಿಸಿ. ಹೊರಗೆ 420 ಇದ್ದು, ಒಳಗೆ 1420ರಿಂದ 790ಕ್ಕೆ ಇಳಿಯಲು ಅರ್ಧ ಗಂಟೆಯಾದರೆ ಗಂಟೆಗೆ 2 ಸಲ ತುಂಬುವಷ್ಟು ಗಾಳಿ. ಕಾಲು ಗಂಟೆ ಸಾಕಾದರೆ 4. ಇದರಲ್ಲಿ ಕಿಟಕಿ ಸಂದಿಯ ಗಾಳಿಯೂ ಸೇರಿರುತ್ತದೆ.

ಕೊಳ್ಳುವಾಗ ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಸಿಒ2 ಅಳೆಯುವ) ಸೆನ್ಸರ್ ಇದೆಯಾ ಕೇಳಿ. ತೀರಾ ಅಗ್ಗದ ಕೆಲವು ಬೇರೆ ಅನಿಲ ನೋಡಿ ಅಂದಾಜು ಅಂಕಿ ತೋರಿಸುತ್ತವೆ. ಸಿಲ್ಕ್ ಬೋರ್ಡ್ ಧೂಳು ಒಳಗೆ ಬರುತ್ತಿದ್ದರೆ ಎರಡೂ ಮೀಟರ್ ಹೇಳುವುದಿಲ್ಲ, ಅದಕ್ಕೆ ಸಣ್ಣ ಧೂಳಿನ ಕಣ ಅಳೆಯುವ ಪಿಎಂ2.5 ಮೀಟರ್ ಬೇಕು.

ಬಾತ್‌ರೂಮ್ ಎಕ್ಸಾಸ್ಟ್ ಮಾತ್ರ ನೋಡುವುದಾದರೆ ಎನಿಮೋಮೀಟರೇ ಸಾಕು.