ಟಿ206 ಅಥವಾ 1952ರ ಟಾಪ್ಸ್: ಹಳೆಯ ಬೇಸ್‌ಬಾಲ್ ಕಾರ್ಡು ಸಂಗ್ರಹಿಸುವವರಿಗೆ ಯಾವುದು?

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳೊಳಗೆ ಬಂದ, ಬೇಸ್‌ಬಾಲ್ ಆಟಗಾರರ ಚಿತ್ರಗಳಿರುವ ಟಿ206 ಕಾರ್ಡುಗಳು ಪುಟ್ಟವು, ಕಲ್ಲಚ್ಚಿನ ವರ್ಣಚಿತ್ರಗಳಿಂದ ಬಲು ಸುಂದರವಾದವು. ಹೆಸರಾಂತ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡು ಕೈಗೆಟುಕದಿದ್ದರೂ ಸಾಮಾನ್ಯ ಆಟಗಾರರ ಸವೆದ ಕಾರ್ಡುಗಳು ಇಂದಿಗೂ ಸಿಗುತ್ತವೆ, ಮತ್ತು ಅವುಗಳ ಹಿಂಬದಿಯಲ್ಲಿರುವ ಬೇರೆ ಬೇರೆ ಸಿಗರೇಟು ಜಾಹೀರಾತುಗಳನ್ನು ಗುರುತಿಸುವುದೇ ಒಂದು ಅಧ್ಯಯನವಾಗುತ್ತದೆ. ಟಾಪ್ಸ್ ಎಂಬ ಕಂಪನಿ 1952ರಲ್ಲಿ ತಂದ 407 ಕಾರ್ಡುಗಳ ಸರಣಿಯಲ್ಲಿ ಕಾರ್ಡುಗಳು ಅಳತೆಯಲ್ಲಿ ದೊಡ್ಡವು, ಹಿಂಬದಿಯಲ್ಲಿ ಆಟಗಾರನ ಅಂಕಿಅಂಶಗಳೂ ಇವೆ. ಆದರೆ ಮಿಕಿ ಮ್ಯಾಂಟಲ್‌ನ 311ನೆಯ ಕಾರ್ಡಿನಿಂದ ಆರಂಭವಾಗುವ ಕೊನೆಯ ಭಾಗ ದುಬಾರಿಯಾದ್ದರಿಂದ ಇಡೀ ಸರಣಿಯನ್ನು ಪೂರ್ಣಗೊಳಿಸುವುದು ಕಷ್ಟ. ಟಿ206ಕ್ಕೆ ಆ ಹೆಸರು ಕೊಟ್ಟ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಅವರ ಕ್ಯಾಟಲಾಗು ಕಾರ್ಡುಗಳ ವರ್ಗೀಕರಣವನ್ನು ಕಲಿಸುತ್ತದೆ. ಬೆಕೆಟ್ ಎಂಬ ಕಾರ್ಡು ಬೆಲೆಪಟ್ಟಿ ಟಾಪ್ಸ್ ಕೊಳ್ಳುವವರಿಗೆ ಹೆಚ್ಚು ಉಪಯುಕ್ತ. ಇಡೀ ಸರಣಿ ಬೇಡ, ಒಂದೊಂದೇ ಕಾರ್ಡಿನ ಚೆಲುವು ಸಾಕು ಎನ್ನುವವರಿಗೆ ನಾನು ಟಿ206 ಅನ್ನೇ ಸೂಚಿಸುತ್ತೇನೆ.